ಒಂದು ತಟ್ಟಿದರೆ ಹಿಟ್

ಆ ಭಾನುವಾರ ಡೆಲ್ಮರ್ ಎಹ್ಲರ್ಸ್‌ಗೆ ಒಂದು ತೂಗುಕುರ್ಚಿ ಕೊಟ್ಟರು. ಅವನ ಹೆಂಡತಿ ವರ್ನಾಳಿಗೆ ಒಂದು ಹಿಡಿ ಕಾರ್ನೇಷನ್ ಹೂವು. ಬೇಸ್‌ಬಾಲ್ ಆಟ ಶುರುವಾಗುವ ಮುಂಚೆ ಇಬ್ಬರನ್ನೂ ಬ್ಯಾಟರ್ ನಿಲ್ಲುವ ಹೋಮ್ ಪ್ಲೇಟಿನ ಪಕ್ಕ ನಿಲ್ಲಿಸಿದ್ದರು. ಮೈದಾನದ ಅನೌನ್ಸರ್ ಗಾರ್ಡಿ ಸ್ಟುರ್ ಮೈಕಿನಲ್ಲಿ ಕೂಗಿದ.

"ಇಪ್ಪತ್ನಾಲ್ಕು ವರ್ಷ ಬಾರ್ಜ್‌ಮೆನ್ ತಂಡದ ಪ್ರತಿಯೊಂದು ಆಟ ಬರೆದಿಟ್ಟೋರು, ನಮ್ಮ ಸ್ಕೋರರ್ ಡೆಲ್ ಎಹ್ಲರ್ಸ್! ಇವತ್ತು ಅವರ ಕೊನೇ ಆಟ! ಪಕ್ಕದಲ್ಲೇ ಇದಾರೆ ನೋಡಿ, ಇಪ್ಪತ್ನಾಲ್ಕು ವರ್ಷ ಅವರಿಗೆ ಸ್ಯಾಂಡ್‌ವಿಚ್ ಕಟ್ಟಿಕೊಟ್ಟ ವರ್ನಾ!"

ಜನ ನಕ್ಕರು, ಚಪ್ಪಾಳೆ ತಟ್ಟಿದರು. ಡೆಲ್ಮರ್ ಟೋಪಿ ತೆಗೆದು, ಚಪ್ಪಾಳೆ ಜೋರಾಗಿ ಕೇಳಿದ ಕಡೆಗೆ ತಿರುಗಿ ಬೀಸಿದ. ವರ್ನಾ ಒಂದು ಕೈಯಲ್ಲಿ ಹೂವು, ಇನ್ನೊಂದರಲ್ಲಿ ಊಟದ ಬುಟ್ಟಿ ಹಿಡಿದಿದ್ದಳು. ಬುಟ್ಟಿಯನ್ನು ಯಾರೂ ಇಸಿದುಕೊಂಡಿರಲಿಲ್ಲ. ಆಮೇಲೆ ಇಬ್ಬರೂ ಸ್ಟ್ಯಾಂಡಿನ ಮಾಡಿನ ಮೇಲಿದ್ದ ಮರದ ಗೂಡಿಗೆ ಹತ್ತಿದರು. ಇಪ್ಪತ್ತಾರು ಮೆಟ್ಟಿಲು, ಕಡಿದು. ಅವಳು ಮುಂದೆ, ಅವಳ ಭುಜದ ಮೇಲೆ ಕೈಯಿಟ್ಟು ಅವನು ಹಿಂದೆ. ಕೆಳಗಿನಿಂದ ನೋಡಿದವರಿಗೆ ಮಂಡಿನೋವಿನ ಹೆಂಡತಿಯನ್ನು ಗಂಡ ಮೆಲ್ಲಗೆ ಹತ್ತಿಸುತ್ತಿದ್ದಾನೆ ಎಂದೇ ಅನ್ನಿಸಬೇಕು. ವರ್ನಾಳ ಮಂಡಿಗಳು ಗಟ್ಟಿಯಾಗಿಯೇ ಇದ್ದವು.

ಡೆಲ್ಮರನ ಕಣ್ಣು ಕೆಟ್ಟು ಒಂಬತ್ತು ವರ್ಷವಾಗಿತ್ತು. ನೋಟದ ನಟ್ಟನಡುವೆ ಒಂದು ಬೂದು ಮಚ್ಚೆ; ಅದರ ಸುತ್ತಲಿನದು ಕಾಣುತ್ತಿತ್ತು, ನೋಡಬೇಕಾದ್ದು ಮಾತ್ರ ಕಾಣುತ್ತಿರಲಿಲ್ಲ. ಊರಿನಲ್ಲಿ ಅವನು, "ಹತ್ತಿರದ್ದು ಸ್ವಲ್ಪ ಮಂಜು, ದೂರದ್ದು ಹದ್ದಿನ ಹಾಗೆ ಕಾಣುತ್ತೆ" ಎಂದು ಹೇಳಿಕೊಂಡಿದ್ದ. ಕಾರು ಓಡಿಸುವುದು ಬಿಟ್ಟಿದ್ದಕ್ಕೆ ಸೊಂಟನೋವು ಎಂದಿದ್ದ. ಸ್ಕೋರರ್ ಕೆಲಸ ಬಿಟ್ಟಿರಲಿಲ್ಲ. ಅದನ್ನು ಬಿಟ್ಟರೆ ತಾನು ಅಂಚೆ ಕಚೇರಿಯಿಂದ ನಿವೃತ್ತನಾದ ಒಬ್ಬ ಮುದುಕ, ಅಷ್ಟೇ ಎಂದು ಒಂದು ಸಲ ಅಡುಗೆಮನೆಯಲ್ಲಿ ಕೂತು ಹೇಳಿದ್ದ. ವರ್ನಾ ಆಗ ಆಲೂಗಡ್ಡೆ ಸುಲಿಯುತ್ತಿದ್ದಳು. "ಸರಿ, ನಾನು ಪಕ್ಕದಲ್ಲಿ ಕೂತ್ಕೋತೀನಿ" ಎಂದಳು. ಮಾತು ಮುಗಿಯುವಷ್ಟರಲ್ಲಿ ಆಲೂಗಡ್ಡೆಯೂ ಮುಗಿದಿತ್ತು.

ಏರ್ಪಾಡು ಸರಳವಾಗಿತ್ತು. ಬ್ಯಾಟರ್ ಓಡಿ ಬೇಸ್, ಅಂದರೆ ಮೈದಾನದ ನಿಲುಗಡೆ, ತಲುಪಿದಾಗಲೆಲ್ಲ ಸ್ಕೋರರ್ ತೀರ್ಪು ಹೇಳಬೇಕು. ಅವನು ಚೆನ್ನಾಗಿ ಹೊಡೆದು ತಲುಪಿದನೋ, ಇಲ್ಲಾ ಚೆಂಡು ಹಿಡಿಯಬೇಕಾದವನು ಕೈಬಿಟ್ಟಿದ್ದರಿಂದ ತಲುಪಿದನೋ? ಮೊದಲನೆಯದು ಹಿಟ್, ಬ್ಯಾಟರನ ಲೆಕ್ಕಕ್ಕೆ. ಎರಡನೆಯದು ಎರರ್, ಕೈಬಿಟ್ಟವನ ಹೆಸರಿಗೆ ತಪ್ಪು. ಮೇಜಿನ ಕೆಳಗೆ ವರ್ನಾಳ ಬೆರಳು ಡೆಲ್ಮರನ ಮಣಿಕಟ್ಟಿನ ಮೇಲಿರುತ್ತಿತ್ತು. ಒಂದು ತಟ್ಟಿದರೆ ಹಿಟ್, ಎರಡು ತಟ್ಟಿದರೆ ತಪ್ಪು. ಡೆಲ್ಮರ್ ಗಂಭೀರವಾಗಿ ತಲೆಯಾಡಿಸಿ ಹೇಳುತ್ತಿದ್ದ, ಗಾರ್ಡಿ ದೊಡ್ಡ ಬೋರ್ಡಿನ ದೀಪದ ಗುಂಡಿ ಒತ್ತುತ್ತಿದ್ದ. ಲೀಗಿನವರಿಗೆ ಕಳಿಸುವ ಹಾಳೆಯನ್ನು ತುಂಬುತ್ತಿದ್ದವಳೂ ವರ್ನಾಳೇ. ಗಂಡನ ಕೈಬರಹ ಕೆಟ್ಟದು, ಅದಕ್ಕೆ ಅವಳು ನಕಲು ಮಾಡಿಕೊಡುತ್ತಾಳೆ ಎಂದು ಎಲ್ಲರೂ ತಿಳಿದಿದ್ದರು. ಕೊನೆಯಲ್ಲಿ ಸಹಿಯ ಗೆರೆಯ ಮೇಲೆ ಅವನ ತೋರುಬೆರಳನ್ನು ತಂದು ಇಡುತ್ತಿದ್ದಳು. ಅವನು ಸಹಿ ಮಾಡುತ್ತಿದ್ದ.

ಅವನ ಪರವಾಗಿ ಒಂದು ಮಾತು ಹೇಳಬೇಕು. ಚರ್ಚಿನ ಬಾಗಿಲಲ್ಲಿ, ಮೊಳೆ ಅಂಗಡಿಯಲ್ಲಿ ಜನ ಹಿಡಿದು, "ನಿನ್ನೆ ಅದು ಹಿಟ್ಟೇನಯ್ಯಾ, ಕಣ್ಣಿದ್ಯಾ ನಿಂಗೆ?" ಎಂದು ಬೈದಾಗ ಬೈಸಿಕೊಳ್ಳುತ್ತಿದ್ದವನು ಅವನೇ. ಹೊಗಳಿಕೆಯೂ ಅವನಿಗೇ ಬರುತ್ತಿತ್ತು, ಅದು ಬೇರೆ.

ಸ್ಕೋರ್ ಬರೆಯುವುದನ್ನು ವರ್ನಾ ಕಲಿತದ್ದು ಒಂಬತ್ತನೇ ವಯಸ್ಸಿನಲ್ಲಿ, ಊರಾಚೆಯ ಹೊಲದ ಮನೆಯಲ್ಲಿ. ಅಪ್ಪನ ರೇಡಿಯೋ ಅಡುಗೆಮನೆಯಲ್ಲಿತ್ತು, ಇಸ್ತ್ರಿಯ ಮಣೆಯೂ ಅಲ್ಲೇ. ಅಣ್ಣಂದಿರು ಜಗಲಿಯಲ್ಲಿ ಕಾಲು ಚಾಚಿ ಆಟ ಕೇಳುತ್ತಿದ್ದರು. ಇವಳು ಅವರ ಅಂಗಿಗಳಿಗೆ ಇಸ್ತ್ರಿ ಹಾಕುತ್ತ ಕೇಳುತ್ತಿದ್ದಳು. ಅರ್ಧ ಇನಿಂಗ್ಸಿಗೆ ಒಂದು ಅಂಗಿ. ಪೆನ್ಸಿಲ್ ಕಿವಿಯ ಸಂದಿನಲ್ಲಿ. ಮದುವೆಯಾಗಿ ಎಷ್ಟೋ ವರ್ಷದ ಮೇಲೆ ತಂಡದವರು ಡೆಲ್ಮರನನ್ನು ಸ್ಕೋರರ್ ಆಗು ಎಂದು ಕೇಳಿದಾಗ, ಉಪ್ಪಿನ ಡಬ್ಬಿ, ಮೆಣಸಿನ ಡಬ್ಬಿ, ಸಕ್ಕರೆ ಬಟ್ಟಲುಗಳನ್ನು ಬೇಸುಗಳಂತೆ ಮೇಜಿನ ಮೇಲಿಟ್ಟು ಅವನಿಗೆ ಆ ವಿದ್ಯೆ ಕಲಿಸಿದವಳು ಅವಳು. ಅವಳನ್ನೇ ಕೇಳಬಹುದಿತ್ತಲ್ಲ ಎಂಬ ಯೋಚನೆ ಆಗ ತಂಡದವರಿಗೂ ಬರಲಿಲ್ಲ, ಡೆಲ್ಮರನಿಗೂ ಬರಲಿಲ್ಲ. ಅವಳಿಗೆ ಬಂದಿತ್ತು. ಶಾಲೆಯ ಊಟದ ಮನೆಯಲ್ಲಿ ದಿನಕ್ಕೆ ನಾನೂರು ತಟ್ಟೆ ಬಡಿಸುವ ಕೆಲಸ ಅವಳದು. ಆ ಯೋಚನೆಯನ್ನು ಅಲ್ಲಿಗೇ ತೆಗೆದುಕೊಂಡು ಹೋಗಿ, ಅಲ್ಲೇ ಬಿಟ್ಟು ಬಂದಳು.

ಮುಂದಿನ ವರ್ಷದಿಂದ ಕಾಲೇಜು ಮುಗಿಸಿದವನೊಬ್ಬ ಕಂಪ್ಯೂಟರ್ ತಂದು ಕೂರುತ್ತಾನಂತೆ. ಊರಿನಲ್ಲಿ ಈ ಬೇಸಿಗೆಯ ಕಡೇ ಆಟ ಇದು. ವರ್ನಾ ತುಂಬುವ ಕಡೇ ಹಾಳೆಯೂ ಇದೇ.

ಬಾರ್ಜ್‌ಮೆನ್ ಪರವಾಗಿ ಅಂದು ಚೆಂಡು ಎಸೆಯುತ್ತಿದ್ದವನು ಎಲ್ಪಿಡಿಯೊ. ಡೊಮಿನಿಕನ್ ದೇಶದಿಂದ ಬಂದ ಇಪ್ಪತ್ತರ ಹುಡುಗ. ಆಟಗಾರರಿಗೆ ಊರಿನ ಮನೆಗಳಲ್ಲೇ ಬಿಡಾರ, ಅದು ಇಲ್ಲಿನ ವಾಡಿಕೆ; ಎಲ್ಪಿಡಿಯೊ ಮೇ ತಿಂಗಳಿಂದ ಎಹ್ಲರ್ಸ್ ಮನೆಯ ಮಹಡಿಯ ಕೋಣೆಯಲ್ಲಿದ್ದ. ಊರ ಲೆಕ್ಕದಲ್ಲಿ ಅವನಿಗೆ ಮನೆ ಕೊಟ್ಟವನು ಡೆಲ್ಮರ್. ಅವನ ಪ್ಯಾಂಟಿನ ಬಲ ಮಂಡಿಗೆ ಹತ್ತಿದ ಕೆಮ್ಮಣ್ಣನ್ನು ಬಾರ್ ಸೋಪು ಹಚ್ಚಿ, ಹಲ್ಲುಜ್ಜುವ ಹಳೇ ಬ್ರಷ್ಷಿನಿಂದ ತಿಕ್ಕುತ್ತಿದ್ದವಳು ವರ್ನಾ. ಆ ಹುಡುಗ ಅವಳನ್ನು 'ಡೋನ್ಯಾ ವರ್ನಾ' ಎನ್ನುತ್ತಿದ್ದ, ಅವರ ಕಡೆಯ ಮರ್ಯಾದೆಯ ಮಾತು. ಮಂಡಿಯ ಕಲೆ ನೋಡಿದರೆ ಅವನು ಎಷ್ಟು ಚೆನ್ನಾಗಿ ಎಸೆದ ಎಂದು ಅವಳಿಗೆ ತಿಳಿಯುತ್ತಿತ್ತು. ಮೈ ತಗ್ಗಿಸಿ ಬಲವಾಗಿ ಎಸೆದಷ್ಟೂ ಆ ಮಂಡಿ ಮಣ್ಣಿಗೆ ಉಜ್ಜುತ್ತದೆ, ಹಾಗಾಗಿ ಕಲೆ ಅಗಲವಾದಷ್ಟೂ ಒಳ್ಳೇದು.

ಒಂಬತ್ತು ಇನಿಂಗ್ಸಿನ ಆಟದಲ್ಲಿ ಐದನೆಯದು ಮುಗಿದಾಗ ಎದುರಾಳಿಗಳಿಗೆ ಒಂದೂ ಹಿಟ್ ಆಗಿರಲಿಲ್ಲ. ಒಂಬತ್ತು ಇನಿಂಗ್ಸೂ ಹೀಗೇ ಹೋದರೆ ಅದು ನೋ-ಹಿಟರ್. ಚೆಂಡೆಸೆಯುವ ಪಿಚರನೊಬ್ಬನ ಬಾಳಿನಲ್ಲಿ ಒಮ್ಮೆ ಬಂದರೆ ಬಂತು. ಅದಿನ್ನೂ ನಡೆಯುತ್ತಿರುವಾಗ ಯಾರೂ ಅದರ ಹೆಸರೆತ್ತಬಾರದು, ಎತ್ತಿದರೆ ಕೆಡುತ್ತದೆ. ಇದು ಅಜ್ಜನ ಕಾಲದಿಂದ ಬಂದ ಕಟ್ಟು. ಹೇಳದೆಯೇ ಎಲ್ಲರಿಗೂ ಗೊತ್ತಾಗಿ, ಸ್ಟ್ಯಾಂಡು ಮೆಲ್ಲಗೆ ಬಿಗಿಯತೊಡಗಿತು.

ವರ್ನಾ ಎಂದಿನಂತೆ ಫ್ಲಾಸ್ಕಿಗೆ ಕೈ ಹಾಕಿ ಎದ್ದಳು.

"ಕೂತ್ಕೊಳ್ಳಿ!" ಎಂದ ಗಾರ್ಡಿ. "ಆಗಿಂದ ಕೂತೇ ಇದೀರ. ಹಾಗೇ ಇರಿ. ಏನೂ ಬದಲಾಗಬಾರ್ದು."

"ಕಾಫಿ ಬೇಡ್ವಾ?"

"ಪ್ರಾಣ ಹೋದ್ರೂ ಬೇಡ. ನನಗೆ ಬಾತ್‌ರೂಮಿಗೆ ಹೋಗ್ಬೇಕು, ಅದಕ್ಕೂ ಏಳ್ತಿಲ್ಲ, ನೋಡಿ."

ವರ್ನಾ ಕೂತಳು. ಯಾರಿಗೂ ಏನೂ ಬಡಿಸದೆ ಅವಳು ನೋಡಿದ ಮೊದಲ ಆಟ ಅದು. ಬುಟ್ಟಿಯಲ್ಲಿ ಮೊಟ್ಟೆಯ ಸ್ಯಾಂಡ್‌ವಿಚ್ಚುಗಳು ಹಾಗೇ ಉಳಿದವು. ಕಿಟಕಿಯಾಚೆ ಸೋಡಾ ಕಪ್ಪುಗಳ ಸುತ್ತ ಕಣಜಗಳು ಸುತ್ತುತ್ತಿದ್ದವು. ನದಿಯಲ್ಲಿ ಯಾವುದೋ ಬಾರ್ಜು, ಸರಕಿನ ದೋಣಿ, ಉದ್ದಕ್ಕೆ ಕೂಗಿತು. ಅವಳು ಒಂದೊಂದು ಎಸೆತವನ್ನೂ ಪೂರ್ತಿಯಾಗಿ, ಕೈಯಿಂದ ಹೊರಟು ಗ್ಲೋವಿಗೆ ಬೀಳುವ ತನಕ ನೋಡಿದಳು.

ಏಳನೇ ಇನಿಂಗ್ಸ್ ಮುಗಿಯುತ್ತಿದ್ದಂತೆ ಡೆಲ್ಮರ್ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, ಹವಾಮಾನದ ಮಾತಾಡುವ ಹಾಗೆ, "ಇನ್ನೂ ಒಂದೂ ಹಿಟ್ ಆಗಿಲ್ಲ, ಅಲ್ವಾ?" ಎಂದ.

ಗಾರ್ಡಿ ಮೈಕಿನ ಮೇಲೆ ಅಂಗೈ ಮುಚ್ಚಿದ.

"ಡೆಲ್," ಎಂದ, "ಮೂವತ್ತು ವರ್ಷದಿಂದ ನಿಮ್ಮನ್ನ ಬಲ್ಲೆ. ಈಗ ಎತ್ತಿ ಕಿಟಕಿಯಿಂದ ಆಚೆ ಹಾಕ್ಬೇಕು ಅನ್ನಿಸ್ತಿದೆ."

"ಬಾಯಿ ತಪ್ಪಿ ಬಂತು."

"ಆ ಹುಡುಗಂಗೆ ಏನಾದ್ರೂ ಆದ್ರೆ ಊರೋರಿಗೆ ನಿಮ್ಮ ಹೆಸರೇ ಹೇಳ್ತೀನಿ. ತೂಗುಕುರ್ಚೀನೂ ವಾಪಸ್ ಕೊಡ್ಬೇಕು, ತಿಳ್ಕೊಳ್ಳಿ."

ಡೆಲ್ಮರ್ ನಗಲಿಲ್ಲ. ಮೇಜಿನ ಕೆಳಗೆ ಅವನ ಮಣಿಕಟ್ಟು ಬೆವೆತದ್ದು ವರ್ನಾಳ ಬೆರಳಿಗೆ ತಿಳಿಯಿತು.

ಎಂಟನೆಯದರಲ್ಲಿ ಎದುರಾಳಿಗಳ ಇಬ್ಬರು ಔಟಾಗಿದ್ದರು. ಮುಂದಿನವನು ಬೀಸಿ ಹೊಡೆದ. ಚೆಂಡು ನೆಲದ ಮೇಲೆ ರಭಸವಾಗಿ ಥರ್ಡ್ ಬೇಸಿನ ಕಡೆ ಹೋಯಿತು. ಅಲ್ಲಿದ್ದವನು ಲೂಮಿಸ್, ಕ್ಯಾನ್ಸಸ್ ಕಡೆಯ ಉದ್ದಗಾಲಿನ ಹುಡುಗ. ಈ ಬೇಸಿಗೆಯಲ್ಲಿ ಅವನ ಹೆಸರಿಗೆ ಮೂವತ್ತೆರಡು ತಪ್ಪುಗಳಿದ್ದವು. ಇಲ್ಲಿ ಆದ ಅಷ್ಟನ್ನೂ ಬರೆದವಳು ವರ್ನಾ, ಒಂದೂ ಅನ್ಯಾಯವಾಗಿ ಬರೆದದ್ದಲ್ಲ. ಈಗ ಅವನು ಬಾಗಿ ಗ್ಲೋವನ್ನು ಸರಿಯಾದ ಜಾಗದಲ್ಲೇ ಇಟ್ಟಿದ್ದ. ಹುಲ್ಲು ಮುಗಿದು ಮಣ್ಣು ಶುರುವಾಗುವ ಅಂಚಿಗೆ ತಗುಲಿ ಚೆಂಡು ಪಕ್ಕನೆ ಮೇಲೆದ್ದಿತು, ಅವನ ಎಡಭುಜದ ಮೇಲಿಂದ ಹಾರಿ ಹಿಂದಕ್ಕೆ ಹೋಯಿತು. ಗ್ಲೋವಿಗೆ ತಾಗಲೇ ಇಲ್ಲ. ಬ್ಯಾಟರ್ ಫಸ್ಟ್ ಬೇಸಿನಲ್ಲಿ ನಿಂತಿದ್ದ.

ಎರಡು ಸಾವಿರ ಜನ ಒಟ್ಟಿಗೆ ನಿಟ್ಟುಸಿರಿಟ್ಟರು, ಮತ್ತೆ ಒಟ್ಟಿಗೆ ಗೂಡಿನ ಕಡೆ ಕತ್ತೆತ್ತಿದರು. "ಎರರ್! ಎರರ್!" ಎಂದು ಯಾರೋ ಶುರು ಮಾಡಿದರು. ತಪ್ಪು ಲೂಮಿಸ್‌ನದಾದರೆ ನೋ-ಹಿಟರ್ ಉಳಿಯುತ್ತಿತ್ತು; ಎಲ್ಲರೂ ಹಿಡಿದುಕೊಂಡರು.

ವರ್ನಾ ಒಂದು ಸಲ ತಟ್ಟಿದಳು.

ಡೆಲ್ಮರ್ ಸುಮ್ಮನಿದ್ದ. ಅವನಿಗೆ ತಿಳಿಯಲಿಲ್ಲವೇನೋ ಎಂದು ಅವಳು ಇನ್ನಷ್ಟು ಒತ್ತಿ, ಮತ್ತೆ ಒಂದೇ ಸಲ ತಟ್ಟಿ, ಬೆರಳನ್ನು ಅಲ್ಲೇ ಇಟ್ಟಳು.

"ತಪ್ಪು," ಎಂದ ಡೆಲ್ಮರ್. "ಥರ್ಡ್ ಬೇಸ್. ಎರರ್."

ಗಾರ್ಡಿ ಗುಂಡಿ ಒತ್ತಿದ. ಕೆಳಗೆ ಸ್ಟ್ಯಾಂಡು ಕುಣಿಯಿತು. ಲೂಮಿಸ್ ಬೋರ್ಡಿನ ಕಡೆ ಒಮ್ಮೆ ನೋಡಿ, ಕಾಲಿನಿಂದ ಆ ಹುಲ್ಲಿನಂಚನ್ನು ಸವರಿ ಸಮ ಮಾಡಿದ. ವರ್ನಾ ಮೇಜಿನ ಕೆಳಗಿನಿಂದ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. ಹಾಳೆಯ ಆ ಚೌಕವನ್ನು ಖಾಲಿ ಬಿಟ್ಟಳು. ಮುಂದೆ ಯಾರೂ ಬೇಸ್ ತಲುಪಲಿಲ್ಲ, ಹೀಗಾಗಿ ಬೆರಳಿನ ಅಗತ್ಯವೂ ಬೀಳಲಿಲ್ಲ.

ಒಂಬತ್ತನೆಯದು ಮುಗಿದು ಬಾರ್ಜ್‌ಮೆನ್ ಗೆದ್ದರು. ಎಲ್ಪಿಡಿಯೊನನ್ನು ಜೊತೆಗಾರರು ಹೊತ್ತು ಕುಣಿದರು, ತಲೆ ಮೇಲೆ ಐಸ್ ನೀರು ಸುರಿದರು. ಗಾರ್ಡಿ ಮೈಕಿನಲ್ಲಿ ಅವನ ಹೆಸರನ್ನು ಮೂರು ಬಾರಿ ಕೂಗಿ ಬಾತ್‌ರೂಮಿಗೆ ಓಡಿದ. ಗೂಡಿನಲ್ಲಿ ಗಂಡ ಹೆಂಡತಿ ಇಬ್ಬರೇ ಉಳಿದರು.

"ಒಂದೇ ತಟ್ಟಿದ್ದು ನಾನು," ಎಂದಳು ವರ್ನಾ.

"ಗೊತ್ತು."

"ಎರಡು ಸಲವೂ ಒಂದೊಂದೇ."

"ಗೊತ್ತು ಅಂದ್ನಲ್ಲ." ಡೆಲ್ಮರ್ ಟೋಪಿಯನ್ನು ಮಂಡಿಯ ಮೇಲಿಟ್ಟು ತಿರುಗಿಸುತ್ತಿದ್ದ. "ನಾನೇ ಬಾಯಿ ಬಿಟ್ಟಿದ್ದೆ, ವರ್ನಾ. ಏಳು ಇನಿಂಗ್ಸ್ ಚೆನ್ನಾಗಿತ್ತು. ನಾನು ಬಾಯಿ ಬಿಟ್ಟೆ, ಬಾಲ್ ಹಾರ್ತು. ಆ ಹುಡುಗ ನಮ್ಮನೇಲಿ ಊಟ ಮಾಡೋನು."

"ಬಾಲ್‌ಗೆ ನಿನ್ನ ಮಾತು ಕೇಳ್ಸಲ್ಲ. ನೀನು ಬಾಯಿ ಬಿಟ್ರೆ ಲೂಮಿಸ್ ಯಾಕೆ ಹೊತ್ಕೋಬೇಕು?"

"ಅವನಿಗೆ ಮೂವತ್ತೆರಡಿದೆ. ಇನ್ನೊಂದು ಸೇರಿದ್ರೆ ಯಾರಿಗೆ ಗೊತ್ತಾಗುತ್ತೆ?"

"ಅವನಿಗೆ ಗೊತ್ತಾಗುತ್ತೆ."

"ಯಾರಿಗೆ ನಷ್ಟ ಆಯ್ತು, ಹೇಳು? ಊರು ಖುಷಿಯಾಗಿದೆ. ಹುಡುಗ ಖುಷಿಯಾಗಿದಾನೆ. ನನ್ನ ಕೊನೇ ದಿನ ಇದು." ಅವನ ದನಿ ಏರಿತು. "ಒಂಬತ್ತು ವರ್ಷ ನಿನ್ನ ಬೆರಳು ಹೇಳಿದ್ದೇ ಹೇಳಿದೀನಿ. ಒಂದೇ ಒಂದು ದಿನ ನನ್ನ ತೀರ್ಪು ಹೇಳ್ಬಾರ್ದಾ? ಹಾಳೆ ಮೇಲಿರೋದು ನನ್ನ ಹೆಸರು."

"ಹೌದು," ಎಂದಳು ವರ್ನಾ. "ಹಾಗಾದ್ರೆ ನೀನೇ ಬರಿ."

ಹಾಳೆಯನ್ನು ಅವನ ಮುಂದೆ ಸರಿಸಿದಳು. ಪೆನ್ಸಿಲನ್ನು ಅವನ ಕೈಯಲ್ಲಿಟ್ಟಳು. ಸಿಟ್ಟಿನಿಂದಲ್ಲ, ಎಂದಿನಂತೆ, ಮೊನೆ ಕೆಳಗೆ ಬರುವ ಹಾಗೆ. ಆಮೇಲೆ ಬುಟ್ಟಿ ಕಟ್ಟಲು ತಿರುಗಿದಳು. ಯಾರೂ ತಿನ್ನದ ಸ್ಯಾಂಡ್‌ವಿಚ್ಚುಗಳಿಗೆ ಮತ್ತೆ ಕಾಗದ ಸುತ್ತಿದಳು. ಫ್ಲಾಸ್ಕಿನ ಕಾಫಿಯನ್ನು ಕಿಟಕಿಯಿಂದಾಚೆ ತಗಡಿನ ಮೇಲೆ ಚೆಲ್ಲಿದಳು. ಕಾರ್ನೇಷನ್ ಹೂಗಳಿಗೆ ನೀರು ಬೇಕಿತ್ತು, ಬಾಟಲಿಯಲ್ಲಿ ಉಳಿದಿದ್ದನ್ನು ಕಾಂಡಗಳ ಮೇಲೆ ಸುರಿದಳು. ಬೆನ್ನ ಹಿಂದೆ ಕಾಗದದ ಸದ್ದು ಕೇಳುತ್ತಿತ್ತು. ಡೆಲ್ಮರ್ ಹಾಳೆಯನ್ನು ಮುಖದ ಹತ್ತಿರ ತಂದು, ಕತ್ತು ಓರೆ ಮಾಡಿ, ಮಚ್ಚೆಯ ಪಕ್ಕದಿಂದ ನೋಡಲು ಹೆಣಗುತ್ತಿದ್ದ. ಪೆನ್ಸಿಲಿನ ಮೊನೆ ಎದುರಾಳಿ ತಂಡದ ಕೋಚಿನ ಹೆಸರಿನ ಮೇಲೆ ನಿಂತಿತ್ತು.

ಬಹಳ ಹೊತ್ತಾದ ಮೇಲೆ ಪೆನ್ಸಿಲು ಮೇಜಿನ ಮೇಲೆ ಉರುಳಿದ ಸದ್ದಾಯಿತು.

"ನೀನೇ ಬರಿ," ಎಂದ ಅವನು.

ವರ್ನಾ ಕೂತು ಖಾಲಿ ಚೌಕದಲ್ಲಿ ಹಿಟ್ ಎಂದು ಬರೆದಳು. ಲೂಮಿಸ್‌ನ ಸಾಲಿನಲ್ಲಿ ತಪ್ಪು: ಸೊನ್ನೆ. ಎಲ್ಪಿಡಿಯೊನ ಸಾಲಿನಲ್ಲಿ ಕೊಟ್ಟ ಹಿಟ್: ಒಂದು. ಅಂಕಿಗಳನ್ನು ಎರಡು ಸಲ ಕೂಡಿಸಿ ನೋಡಿದಳು. ಡೆಲ್ಮರ್ ವಾಡಿಕೆಯಂತೆ ತೋರುಬೆರಳನ್ನು ಮೇಜಿನ ಮೇಲೆ ಚಾಚಿ, ಅವಳು ಅದನ್ನು ಗೆರೆಯ ಮೇಲೆ ಇಡಲಿ ಎಂದು ಕಾದ. ಬೆರಳು ಅಲ್ಲೇ ಉಳಿಯಿತು. ಅವಳು ಹಾಳೆಯನ್ನು ತನ್ನ ಕಡೆ ತಿರುಗಿಸಿಕೊಂಡು, ಪೆನ್ನು ತೆಗೆದು, ಗೆರೆಯ ಮೇಲೆ ಬರೆದಳು.

"ಏನು ಬರೀತಿದೀಯ?"

"ನನ್ನ ಹೆಸರು."

ಅವನು ಬೆರಳನ್ನು ಹಿಂದಕ್ಕೆ ಎಳೆದುಕೊಂಡ.

ಲೀಗಿಗೆ ಫೋನಿನಲ್ಲಿ ಓದಿ ಹೇಳಲು ಹಾಳೆ ಒಯ್ಯಲೆಂದು ಬಂದ ಗಾರ್ಡಿ ಅದನ್ನು ನಿಂತಲ್ಲೇ ಓದಿದ. ಮತ್ತೆ ಓದಿದ.

"ಒಂದು ಹಿಟ್ಟಾ? ವರ್ನಾ, ಕೆಳಗೆ ಆ ಹುಡುಗನ ತಲೆ ಮೇಲೆ ನೀರು ಸುರೀತಾ ಇದಾರೆ! ಪೇಪರ್‌ನೋರು ಫೋಟೋ ತೆಗೀತಾ ಇದಾರೆ!"

"ತೀರ್ಪು ತಿದ್ದೋಕೆ ಇಪ್ಪತ್ನಾಲ್ಕು ಗಂಟೆ ಟೈಮಿದೆ. ರೂಲ್ ಪುಸ್ತಕದಲ್ಲಿದೆ, ನೋಡ್ಕೊಳ್ಳಿ."

"ಡೆಲ್, ಇದೇನಿದು? ಇದು ನಿಮ್ಮ ಸಹಿ ಅಲ್ಲ."

ಡೆಲ್ಮರ್ ಟೋಪಿ ಹಾಕಿಕೊಂಡ. "ಅವಳನ್ನೇ ಕೇಳು," ಎಂದ. "ನೋಡಿದ್ದು ಅವಳು."

ಗಾರ್ಡಿ ಅವನ ಮುಖ ನೋಡಿದ, ಅವಳ ಮುಖ ನೋಡಿದ. ಆಮೇಲೆ ಮೇಜಿನ ಕಡೆ, ಎರಡು ಕುರ್ಚಿಗಳು ಒಂದಕ್ಕೊಂದು ಎಷ್ಟು ಅಂಟಿಕೊಂಡಿವೆ ಎನ್ನುವುದನ್ನು ನೋಡಿದ. ಒಂಬತ್ತು ವರ್ಷ ಆ ಕುರ್ಚಿಗಳ ಪಕ್ಕದಲ್ಲೇ ಕೂತವನು ಅವನು.

"ಅಯ್ಯೋ ದೇವ್ರೇ," ಎಂದ ಕೊನೆಗೆ. "ಹುಡುಗಂಗೆ ಯಾರು ಹೇಳೋದು?"

"ನಾನೇ ಹೇಳ್ತೀನಿ," ಎಂದಳು ವರ್ನಾ.

ಡ್ರೆಸಿಂಗ್ ರೂಮಿನ ಬಾಗಿಲಲ್ಲಿ ಎಲ್ಪಿಡಿಯೊ ಒದ್ದೆ ತಲೆಯಲ್ಲಿ ನಿಂತಿದ್ದ, ಬಲ ಮಂಡಿಯ ಕಲೆ ಅಂಗೈಯಗಲ. ಅವಳು ಸುತ್ತುಬಳಸದೆ ಹೇಳಿದಳು. ಅವನಿಗೆ ಇಂಗ್ಲಿಷು ಅಷ್ಟಕ್ಕಷ್ಟೆ. ಎರಡನೇ ಸಲ ಹೇಳಿದಾಗ ತಿಳಿಯಿತು. ಮುಖದ ನಗು ಒಮ್ಮೆಗೇ ಹೋಗಲಿಲ್ಲ, ಸ್ವಲ್ಪ ಹೊತ್ತು ಅಲ್ಲೇ ನಿಂತು ಆಮೇಲೆ ಹೋಯಿತು.

"ಡೋನ್ಯಾ," ಎಂದ, "ಬೆಳಿಗ್ಗೆ ನೀವೇ ನಂಗೆ ಮೊಟ್ಟೆ ಮಾಡಿಕೊಟ್ರಿ."

"ಹೌದು. ನಾಳೆನೂ ಮಾಡ್ಕೊಡ್ತೀನಿ. ಅದು ಬೇರೆ, ಇದು ಬೇರೆ."

ಅವನು ಒಳಗೆ ಹೋದ. ಒಳಗಿನ ಗಲಾಟೆ ನಿಂತಿತು. ಬಾಗಿಲ ಸಂದಿಯಲ್ಲಿ ಲೂಮಿಸ್ ಬೆಂಚಿನ ತುದಿಯಲ್ಲಿ ಒಬ್ಬನೇ ಕೂತು ಶೂ ಬಿಚ್ಚುತ್ತಿದ್ದದ್ದು ಕಾಣಿಸಿತು. ಎಲ್ಪಿಡಿಯೊ ಒಳಗೆ ಏನೋ ಹೇಳಿದ ಮೇಲೆ ಲೂಮಿಸ್ ತಲೆಯೆತ್ತಿದ, ಶೂ ಕೈಯಲ್ಲೇ ಉಳಿಯಿತು. ಅಷ್ಟರಲ್ಲಿ ಯಾರೋ ಬಾಗಿಲು ಹಾಕಿದರು.

ಭಾನುವಾರದ ಆಟ ಮುಗಿದ ಮೇಲೆ ಎಲ್ಪಿಡಿಯೊನ ಕೊಳೆಬಟ್ಟೆಯ ಚೀಲ ವರ್ನಾಳ ಕಾರಿಗೆ ಬರುವುದು ವಾಡಿಕೆ. ಅವಳು ಕಾರಿನ ಮಾಡಿಗೆ ತೂಗುಕುರ್ಚಿಯನ್ನು ಹಗ್ಗದಿಂದ ಕಟ್ಟಿ ಮುಗಿಸಿದರೂ ಚೀಲ ಬರಲಿಲ್ಲ. ಹೆಚ್ಚು ಕಾಯದೆ ಕಾರಿನೊಳಗೆ ಕೂತಳು. ಆ ಕಲೆ ಒಣಗಿದರೆ ಹೋಗುವುದು ಕಷ್ಟ ಎನ್ನುವುದು ಅವಳ ಮನಸ್ಸಿಗೆ ಬಾರದೆ ಇರಲಿಲ್ಲ.

"ಚೀಲ ಬಂತಾ?" ಎಂದ ಡೆಲ್ಮರ್.

"ಇಲ್ಲ."

"ಕೋಪ ಮಾಡ್ಕೊಂಡಿದಾನೆ."

"ಮಾಡ್ಕೊಳ್ಳಲಿ. ಕೋಪ ಇಳಿದ ಮೇಲೆ ತರ್ಲಿ. ಇಲ್ಲಾ ಬ್ರಷ್ ಎಲ್ಲಿದೆ ಅಂತ ತೋರಿಸ್ತೀನಿ, ಅವನೇ ತಿಕ್ಕಲಿ."

ಡೆಲ್ಮರ್ ಟೋಪಿ ತೆಗೆದು ಮಂಡಿಯ ಮೇಲಿಟ್ಟ. "ರಾತ್ರಿ ಊಟಕ್ಕೆ?"

"ಹನ್ನೆರಡು ಸ್ಯಾಂಡ್‌ವಿಚ್ ಇದೆ ಬುಟ್ಟೀಲಿ. ಬುಟ್ಟಿ ನಿನ್ನ ಕಾಲ ಹತ್ರ ಇದೆ."

ಅವನು ಬಗ್ಗಿ ತಡವಿ ಒಂದನ್ನು ತೆಗೆದ, ಕಾಗದ ಬಿಚ್ಚಿದ, ಇನ್ನೊಂದನ್ನು ತೆಗೆದು ಅವಳ ಕಡೆ ಚಾಚಿದ. ಅಂದಾಜು ತಪ್ಪಿ ಅದು ಗೇರಿಗೆ ತಾಗಿತು. ಅವಳು ಇಸಿದುಕೊಂಡಳು. ಒಂದು ತುತ್ತು ತಿಂದ ಮೇಲೆ ಅವನು ಕೇಳಿದ.

"ಹೇಗಿತ್ತು ಅದು?"

"ಯಾವುದು?"

"ಆ ಬಾಲು. ಹೇಗೆ ಹೋಯ್ತು?"

ಒಂಬತ್ತು ವರ್ಷದಲ್ಲಿ ಅವನು ಒಂದೋ ಎರಡೋ ಎಂದಷ್ಟೇ ತಿಳಿದುಕೊಂಡಿದ್ದ. ಹೇಗೆ ಎಂದು ಕೇಳಿರಲಿಲ್ಲ. ವರ್ನಾ ಸ್ಯಾಂಡ್‌ವಿಚ್ಚನ್ನು ಡ್ಯಾಶ್‌ಬೋರ್ಡಿನ ಮೇಲಿಟ್ಟಳು. ಹಿಂದೆ ಯಾರೂ ಇಲ್ಲವೆಂದು ನೋಡಿಕೊಂಡು ಕಾರನ್ನು ಹಿಂದಕ್ಕೆ ತೆಗೆದಳು, ಗೇಟು ದಾಟಿಸಿದಳು.

"ಲೂಮಿಸ್ ಸರಿಯಾಗೇ ನಿಂತಿದ್ದ," ಎಂದು ಶುರು ಮಾಡಿದಳು. "ಬಗ್ಗಿದ್ದ, ಗ್ಲೋವ್ ನೆಲಕ್ಕೆ ತಾಗೋ ಹಾಗಿತ್ತು. ಹುಲ್ಲಿನಂಚು ಇದ್ಯಲ್ಲ, ಅಲ್ಲಿ ಒಂದು ಕಡೆ ಮಣ್ಣು ಎದ್ದಿದೆ, ಜುಲೈ ಮಳೆಯಿಂದ..."